ಮೆಂಬರ್ ತಮ್ಮನಿಗೇ ಗುತ್ತಿಗೆ? ದಾಖಲೆಯಲ್ಲಿ ಹಿಡಿಯುವುದು ಹೀಗೆ

ಹಾವೇರಿ, ಗದಗ ಕಡೆ ಯಾವ ಚಹಾದಂಗಡಿಯಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ: ‘ಗಟಾರದ ಕೆಲಸ ಮೆಂಬರ್ ತಮ್ಮಂದೇ ಬಿಡ್ರಿ.’ ಮಾತು ನಿಜವೇ ಇರಬಹುದು. ಆದರೆ ಆ ಸಿಟ್ಟಿನಲ್ಲಿ ಬರೆದ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ನೋಡಿದರೆ ತಲೆ ಚಚ್ಚಿಕೊಳ್ಳುವಂತಾಗುತ್ತದೆ. ‘ಸ್ವಂತ ತಮ್ಮನಿಗೆ ಕೆಲಸ ಕೊಟ್ಟಿದ್ದು ಯಾಕೆ? ಇದು ಅನ್ಯಾಯ ಅಲ್ಲವೇ?’ ಅಂತ ಎರಡು ಪುಟ. ಇದರಷ್ಟು ಸುಲಭವಾಗಿ ತಳ್ಳಿಹಾಕುವ ಅರ್ಜಿ ಅಧಿಕಾರಿಗೆ ಇನ್ನೊಂದಿಲ್ಲ. ಕಚೇರಿಯಲ್ಲಿರುವ ಕಾಗದ ಕೇಳಬಹುದು, ‘ಯಾಕೆ’ ಅಂತ ಕೇಳಿದರೆ ಉತ್ತರ ಕೊಡಬೇಕೆಂದಿಲ್ಲ.

ಮೊದಲು ಕಾಯ್ದೆ ಯಾವುದು ನೋಡಿಕೊಳ್ಳಿ. ಗ್ರಾಮ ಪಂಚಾಯಿತಿ ಸದಸ್ಯರಿಗೆ 1993ರ ಪಂಚಾಯತ್ ರಾಜ್ ಕಾಯ್ದೆಯ 12ನೇ ಕಲಂ. ಹುಬ್ಬಳ್ಳಿ-ಧಾರವಾಡ ಪಾಲಿಕೆಯವರಿಗೆ 1976ರ ಮಹಾನಗರ ಪಾಲಿಕೆ ಕಾಯ್ದೆಯ 26ನೇ ಕಲಂ. ಗದಗ-ಬೆಟಗೇರಿ, ಹಾವೇರಿ ನಗರಸಭೆಯವರಿಗೆ 1964ರ ಪುರಸಭೆ ಕಾಯ್ದೆಯ 16ನೇ ಕಲಂ. ಪಂಚಾಯಿತಿ ಕಾಯ್ದೆ ಹೇಳುವುದು ಇಷ್ಟು: ಪಂಚಾಯಿತಿಯ ಕೆಲಸದಲ್ಲಿ, ಗುತ್ತಿಗೆಯಲ್ಲಿ ಸದಸ್ಯರಿಗೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪಾಲು ಅಥವಾ ಹಣದ ಲಾಭ ಇರಬಾರದು. ತಮ್ಮ ಗುತ್ತಿಗೆದಾರ ಅಂದ ಮಾತ್ರಕ್ಕೆ ಸದಸ್ಯತ್ವ ಹೋಗುವುದಿಲ್ಲ. ಆ ದುಡ್ಡಿನಲ್ಲಿ ಅಣ್ಣನಿಗೆ ಪಾಲಿದೆ ಅಂತ ತೋರಿಸಬೇಕು.

ಹಂತ 1: ಒಂದೇ ಕಾಮಗಾರಿ ಆರಿಸಿಕೊಳ್ಳಿ. ಸ್ಥಳದ ನಾಮಫಲಕದ ಫೋಟೊ ಹೊಡೆದುಕೊಳ್ಳಿ. ಸಾಕು.

ಹಂತ 2: ಅರ್ಜಿ. ನಮೂನೆ ‘ಎ’, 10 ರೂಪಾಯಿಯ ಪೋಸ್ಟಲ್ ಆರ್ಡರ್. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ತಹಶೀಲ್ದಾರ್ ಕಚೇರಿ ಎದುರಿನ ಟೈಪಿಂಗ್ ಅಂಗಡಿಗಳಲ್ಲಿ ರೆಡಿ ಅರ್ಜಿ ಸಿಗುತ್ತದೆ. ದಯವಿಟ್ಟು ತೊಗೊಬೇಡಿ. ಅರ್ಧ ಪದಗಳು ಪೀಠಿಕೆಗೇ ಖರ್ಚಾಗಿರುತ್ತವೆ. ಸುಮ್ನೆ ಹೀಗೆ ಬರೆಯಿರಿ: ‘ಈ ಕಾಮಗಾರಿಯ ಅಂದಾಜು ಪಟ್ಟಿ, ಕಾಮಗಾರಿ ಆದೇಶ, ಅಳತೆ ಪುಸ್ತಕದ ಪುಟಗಳು, ಸಾಮಗ್ರಿ ಬಿಲ್ಲುಗಳು, ಪಾವತಿ ವೋಚರ್, ಮಂಜೂರಾತಿ ಠರಾವು ಮತ್ತು ಆ ಸಭೆಯ ಹಾಜರಿ ಪುಟ, ಇವುಗಳ ದೃಢೀಕೃತ ನಕಲು ಕೊಡಿ.’ ಹಾಜರಿ ಪುಟವನ್ನು ಜನ ಮರೆಯುತ್ತಾರೆ. ಠರಾವು ಆದ ದಿನ ಸದಸ್ಯರು ಸಭೆಯಲ್ಲಿದ್ದು ಸಹಿ ಹಾಕಿದ್ದಾರೆಯೇ ಅನ್ನುವುದು ಗೊತ್ತಾಗುವುದೇ ಅದರಿಂದ.

ಸದಸ್ಯರ ಹೆಸರು ಅರ್ಜಿಯಲ್ಲಿ ಎಲ್ಲೂ ಬೇಡ. ಬರೆದರೆ ಸಂಜೆಯೊಳಗೆ ಅವರಿಗೆ ಸುದ್ದಿ ಮುಟ್ಟುತ್ತದೆ. ಅರ್ಜಿ ಕೈಯಲ್ಲೇ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಕಚೇರಿಯ ಟಪಾಲು ವಿಭಾಗದವರ ಠಸ್ಸೆ ಹಾಕಿಸಿಕೊಳ್ಳಿ. 30 ದಿನಕ್ಕೆ ಉತ್ತರ ಬರಲಿಲ್ಲವೋ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಹಂತ 3: ಬಿಲ್ಲಿನಿಂದ ಮನೆಗೆ. ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ಸಿಮೆಂಟು, ಜಲ್ಲಿಯ ಬಿಲ್ಲಿನ ತಲೆಯ ಮೇಲೆ 15 ಅಕ್ಷರದ ಜಿಎಸ್‌ಟಿ ನಂಬರ್ ಇರುತ್ತದೆ. ಮೊದಲ ಎರಡು ಅಂಕಿ 29 ಇದ್ದರೆ ಕರ್ನಾಟಕ. ಮುಂದಿನ ಹತ್ತು ಅಕ್ಷರವೇ ಪಾನ್ ನಂಬರ್. ಒಟ್ಟು ನಂಬರಿನಲ್ಲಿ ಆರನೆಯ ಅಕ್ಷರ ನೋಡಿ. ‘ಪಿ’ ಇದ್ದರೆ ಒಬ್ಬ ವ್ಯಕ್ತಿಯ ವ್ಯವಹಾರ, ‘ಎಫ್’ ಇದ್ದರೆ ಪಾಲುದಾರಿಕೆ ಫರ್ಮ್, ‘ಸಿ’ ಇದ್ದರೆ ಕಂಪನಿ, ‘ಎಚ್’ ಇದ್ದರೆ ಅವಿಭಕ್ತ ಕುಟುಂಬ. ‘ಎಚ್’ ಸಿಕ್ಕರೆ ಅಲ್ಲೇ ನಿಲ್ಲಿ. ಅಣ್ಣತಮ್ಮಂದಿರು ಒಂದೇ ಗಂಟಿನಲ್ಲಿದ್ದಾರೋ ಏನೋ, ಅದನ್ನು ವಿಚಾರಿಸಲೇಬೇಕು.

ಈಗ ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ನಂಬರ್ ಹಾಕಿ. ಲಾಗಿನ್ ಬೇಕಿಲ್ಲ. ಅಂಗಡಿಗೆ ಯಾವ ದೇವರ ಹೆಸರಿದ್ದರೂ ಒಬ್ಬರದೇ ವ್ಯವಹಾರವಾದರೆ ‘ಲೀಗಲ್ ನೇಮ್’ ಜಾಗದಲ್ಲಿ ಮಾಲೀಕರ ಹೆಸರು ಬರುತ್ತದೆ. ನೋಂದಣಿಯಾದ ತಾರೀಖು ನೋಡಿ. ಚುನಾವಣೆ ಗೆದ್ದ ಮೇಲೆ ಹುಟ್ಟಿದ ಅಂಗಡಿಯೋ, ಮೊದಲಿನಿಂದ ಇದ್ದದ್ದೋ? ಫರ್ಮ್ ಆಗಿದ್ದರೆ ಪಾಲುದಾರರ ಹೆಸರನ್ನು ಫರ್ಮ್‌ಗಳ ನೋಂದಣಿ ದಾಖಲೆಯಲ್ಲಿ ಹುಡುಕಬೇಕು.

ಹೆಸರು ಸಿಕ್ಕಿತು ಅಂತ ಕುಣಿಯಬೇಡಿ. ನಮ್ಮ ಕಡೆ ಒಂದೇ ಊರಲ್ಲಿ ಪಾಟೀಲರು, ಬಡಿಗೇರರು, ಹೊಸಮನಿಯವರು ಎಷ್ಟು ಮನೆ ಇಲ್ಲ? ಅಡ್ಡಹೆಸರು ಒಂದೇ ಆದರೆ ಸಂಬಂಧ ಆಗುವುದಿಲ್ಲ. ಮತದಾರರ ಪಟ್ಟಿ ತೆಗೆಯಿರಿ. ಅದರಲ್ಲಿ ತಂದೆ ಅಥವಾ ಗಂಡನ ಹೆಸರು, ಮನೆ ನಂಬರ್ ಎರಡೂ ಇರುತ್ತವೆ. ಸದಸ್ಯರ ಮನೆ ನಂಬರೂ ಅಂಗಡಿ ಮಾಲೀಕರ ಮನೆ ನಂಬರೂ ಒಂದೇ ಆದರೆ ದೂರಿಗೆ ಜೀವ ಬಂತು. ಅದಕ್ಕೂ ಮೊದಲೇ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದರೆ ಮಾನಹಾನಿ ನೋಟಿಸು ಬರುವುದು ನಿಮ್ಮ ಮನೆಗೆ.

ತುಂಡು ಗುತ್ತಿಗೆ ಇದ್ದಲ್ಲಿ ಕಣ್ಣು ಜಾಸ್ತಿ ಇರಲಿ. ಟೆಂಡರ್ ಕರೆಯುವುದನ್ನು ತಪ್ಪಿಸಲು ಒಂದೇ ರಸ್ತೆಯನ್ನು ‘ಗುಡಿಯಿಂದ ಬಾವಿಯವರೆಗೆ’, ‘ಬಾವಿಯಿಂದ ಶಾಲೆಯವರೆಗೆ’ ಅಂತ ಕತ್ತರಿಸಿರುತ್ತಾರೆ. ಆ ಕಾಮಗಾರಿ ಆದೇಶಗಳನ್ನು ಅಕ್ಕಪಕ್ಕ ಇಟ್ಟು ತಾರೀಖು ನೋಡಿ.

ಹಂತ 4: ಶಾಸಕರಾದರೆ ದಾರಿ ಇನ್ನೂ ಸಲೀಸು. ಚುನಾವಣೆ ಅಫಿಡವಿಟ್‌ನಲ್ಲಿ (ನಮೂನೆ 26) ಅಭ್ಯರ್ಥಿಯಾದವರು ತಮ್ಮ ಸ್ವಂತದ, ಸಂಗಾತಿಯ, ಅವಲಂಬಿತರ ಸರ್ಕಾರಿ ಗುತ್ತಿಗೆಗಳನ್ನು ಹೇಳಲೇಬೇಕು. 2018ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಸೇರಿದ ಕಾಲಂ ಅದು. ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ಹಂತ 5: ದೂರು. ಗ್ರಾಮ ಪಂಚಾಯಿತಿಯದಾದರೆ ಜಿಲ್ಲಾ ಪಂಚಾಯಿತಿ ಸಿಇಒ (ಮುಖ್ಯ ಕಾರ್ಯನಿರ್ವಹಣಾಧಿಕಾರಿ) ಅವರಿಗೆ, ಪಾಲಿಕೆಯದಾದರೆ ಬೆಳಗಾವಿಯ ಪ್ರಾದೇಶಿಕ ಆಯುಕ್ತರಿಗೆ. ಕೆಲಸಕ್ಕೆ ಬಾರದ ದಾರಿ ಅನ್ನಬೇಡಿ. ಬೆಳಗಾವಿ ಪಾಲಿಕೆಯ ಇಬ್ಬರು ಸದಸ್ಯರು ಖಾವು ಕಟ್ಟಾ (ತಿಂಡಿ ಬೀದಿ) ಮಳಿಗೆಗಳನ್ನು ಹೆಂಡತಿಯರ ಹೆಸರಿಗೆ ಪಡೆದ ಪ್ರಕರಣದಲ್ಲಿ 2025ರಲ್ಲಿ ಇದೇ ಪ್ರಾದೇಶಿಕ ಆಯುಕ್ತರು ಸದಸ್ಯತ್ವ ರದ್ದು ಮಾಡಿದ್ದರು. ವಿಷಯ ಆಮೇಲೆ ಹೈಕೋರ್ಟಿಗೂ ಹೋಯಿತು.

ಲೋಕಾಯುಕ್ತಕ್ಕೆ ಹೋಗುವವರು ನಿಗದಿತ ನಮೂನೆಯಲ್ಲೇ ದೂರು ಬರೆದು ಪ್ರಮಾಣಪತ್ರ ಸೇರಿಸಬೇಕು. ಸುಳ್ಳು ದೂರಿಗೆ ಶಿಕ್ಷೆಯೂ ಇದೆ. ಘಟನೆ ನಡೆದು ಐದು ವರ್ಷ ದಾಟಿದ್ದರೆ ಆರೋಪದ ದೂರು ನಡೆಯುವುದಿಲ್ಲ, ಆದ್ದರಿಂದ ವೋಚರಿನ ತಾರೀಖನ್ನು ಮೊದಲೇ ನೋಡಿಕೊಳ್ಳಿ. ದೃಢೀಕೃತ ನಕಲುಗಳನ್ನು ನಿಮ್ಮ ಹತ್ತಿರವೇ ಇಟ್ಟುಕೊಂಡು ಅವುಗಳ ಝೆರಾಕ್ಸ್ ಲಗತ್ತಿಸಿ.