ಧ್ಯಾನ ಅರ್ಧಕ್ಕೇ ಬಿಡುವ ವಿದ್ಯಾರ್ಥಿಗೆ ಸ್ವಭಾವ ನೋಡಿ ಕಲಿಸುವುದು ಹೇಗೆ

ಧ್ಯಾನ ಕಲಿಯಲು ಬಂದ ವಿದ್ಯಾರ್ಥಿ ವಾರದೊಳಗೆ ಬಿಟ್ಟರೆ 'ಛಲವಿಲ್ಲ' ಎಂದು ಷರಾ ಬರೆದುಬಿಡುವುದು ಸುಲಭ. ಆದರೆ ಎಲ್ಲರೂ ಒಂದೇ ಕಡೆ ಎಡವುವುದಿಲ್ಲ. ಕೆಲವರು ಕೂರುವುದೇ ಇಲ್ಲ. ಕೆಲವರು ಮೂರನೇ ನಿಮಿಷಕ್ಕೆ ಎದ್ದುಬಿಡುತ್ತಾರೆ. ಇನ್ನು ಕೆಲವರು ಚೆನ್ನಾಗಿಯೇ ಮಾಡುತ್ತಿದ್ದು, ಒಂದು ದಿನ ತಪ್ಪಿತೆಂದು ಪೂರ್ತಿ ಕೈಬಿಡುತ್ತಾರೆ.

ಮೊದಲ ವಾರ ಏನನ್ನೂ ಬದಲಿಸದೆ ಗಮನಿಸಿ. ದಿನಕ್ಕೆ ಐದು ನಿಮಿಷ, ಟೈಮರ್ ಇಟ್ಟು. ಕುರ್ಚಿಯ ಮೇಲಾದರೂ ಸರಿ. ಮುಗಿದ ಕೂಡಲೇ ವಿದ್ಯಾರ್ಥಿ ಮೂರು ಸಂಗತಿ ಬರೆದಿಡಲಿ: ಯಾವಾಗ ಕೂತೆ, ಎಷ್ಟು ನಿಮಿಷ ಕೂತೆ, ಏಳಬೇಕೆನಿಸಿದಾಗ ಏನಾಗುತ್ತಿತ್ತು. ಮೂರನೆಯದರಲ್ಲೇ ಸುಳಿವು ಇರುವುದು. 'ಎದೆ ಡವಡವ ಅಂತು', 'ಸರಿಯಾಗಿ ಆಗುತ್ತಿಲ್ಲ', 'ಮರೆತೇಹೋಯಿತು', 'ಬೋರಾಯಿತು': ಒಂದೊಂದಕ್ಕೂ ಬೇರೆ ಉಪಾಯ ಬೇಕು.

ಆತಂಕದ ಸ್ವಭಾವದವರಲ್ಲಿ ತೊಡಕು ಹೆಚ್ಚಾಗಿ ಉಸಿರಿನಿಂದಲೇ ಶುರು. 'ಉಸಿರು ಗಮನಿಸು' ಎಂದರೆ ಅವರು ಅದನ್ನು ಹಿಡಿತಕ್ಕೆ ತರಲು ಹೋಗಿ ಆಳವಾಗಿ, ಬೇಗಬೇಗ ಎಳೆದುಕೊಳ್ಳುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಹಗುರಾಗುತ್ತದೆ, ಬೆರಳು ಜುಮ್ಮೆನ್ನುತ್ತದೆ. ಅದರಿಂದ ಗಾಬರಿ ಇನ್ನೂ ಏರುತ್ತದೆ. ಇವರಿಗೆ ಉಸಿರನ್ನು ಸದ್ಯಕ್ಕೆ ಬಿಟ್ಟುಬಿಡಿ. ಕಣ್ಣು ಅರೆ ತೆರೆದು ನಾಲ್ಕೈದು ಅಡಿ ಮುಂದಿನ ನೆಲ ನೋಡಲಿ, ಗಮನ ಅಂಗಾಲು ನೆಲಕ್ಕೆ ತಾಗುವಲ್ಲಿರಲಿ. ಮೂರು ನಿಮಿಷ ಸಾಕು. ಅದೂ ಆಗದಿದ್ದರೆ ಹತ್ತು ಹೆಜ್ಜೆ ಅತ್ತ, ಹತ್ತು ಹೆಜ್ಜೆ ಇತ್ತ, ನಿಧಾನವಾಗಿ ನಡೆಯುತ್ತ ಪಾದದ ಮೇಲೆ ಗಮನವಿಡಲಿ. ಹಳೆಯ ಆಘಾತದ ನೆನಪು ನುಗ್ಗಿ ಬಂದರೆ, ನಿದ್ದೆ ಕೆಟ್ಟರೆ, ಧ್ಯಾನ ನಿಲ್ಲಿಸಿ ಮನೋವೈದ್ಯರಲ್ಲಿಗೋ ಆಪ್ತಸಮಾಲೋಚಕರಲ್ಲಿಗೋ ಕಳಿಸಿ. 'ಸಹಿಸಿಕೋ, ಸರಿಹೋಗುತ್ತದೆ' ಎಂದು ಮಾತ್ರ ಹೇಳಬೇಡಿ.

ಎಲ್ಲದರಲ್ಲೂ ಅಚ್ಚುಕಟ್ಟು ಬಯಸುವವರ ಕಥೆ ಬೇರೆ. ಶಿಸ್ತಿಗೆ ಕೊರತೆಯಿಲ್ಲ, ಆದರೆ ಪ್ರತಿ ಸಲ ಕೂತಾಗಲೂ ತಮಗೆ ತಾವೇ ಅಂಕ ಹಾಕಿಕೊಳ್ಳುತ್ತಾರೆ. ಮನಸ್ಸು ಅಲೆಯಿತೆಂದರೆ ಫೇಲು. ಅಲೆದದ್ದು ಗೊತ್ತಾಗಿ ಮರಳಿ ತರುವುದೇ ಅಭ್ಯಾಸ, ಇಪ್ಪತ್ತು ಸಲ ಅಲೆದರೆ ಇಪ್ಪತ್ತು ಸಲ ಅಭ್ಯಾಸವಾಯಿತು ಎಂದು ಬಿಡಿಸಿ ಹೇಳಿ. ಮೊದಲ ವಾರದ ನಂತರ ಇವರ ಟಿಪ್ಪಣಿ ನಿಲ್ಲಿಸಿ. ಕೂತ ದಿನಕ್ಕೆ ಬರೀ ಒಂದು ಗುರುತು ಸಾಕು. ತಪ್ಪಿದ ದಿನದ ಬಾಕಿ ತೀರಿಸಲು ಬಿಡಬೇಡಿ. ಮರುದಿನ ಎರಡೇ ನಿಮಿಷ ಕೂರಲಿ, ಅದರ ಮರುದಿನ ಎಂದಿನಂತೆ.

ಮರೆಯುವವರಿಗೆ ಉಪದೇಶದಿಂದ ಪ್ರಯೋಜನವಿಲ್ಲ. ಮೊಬೈಲ್ ಅಲಾರಂ ಕೂಡ ನಾಲ್ಕು ದಿನದ ಮೇಲೆ ಕೈ ತಾನಾಗಿಯೇ ಆರಿಸುವ ಸದ್ದಾಗುತ್ತದೆ. ದಿನವೂ ತಪ್ಪದೆ ಮಾಡುವ ಕೆಲಸಕ್ಕೆ ಗಂಟು ಹಾಕಿ: 'ಹಲ್ಲುಜ್ಜಿ ಬ್ರಷ್ ಇಟ್ಟ ಕೂಡಲೇ ಮಂಚದ ಅಂಚಿನಲ್ಲಿ ಕೂರುತ್ತೇನೆ' ಎಂದು ವಿದ್ಯಾರ್ಥಿಯೇ ಬರೆಯಲಿ. 'ಬೆಳಗ್ಗೆ ಮಾಡುತ್ತೇನೆ' ಎನ್ನುವ ಸಂಕಲ್ಪ ನಿಲ್ಲುವುದಿಲ್ಲ. 21 ದಿನಕ್ಕೆ ಅಭ್ಯಾಸ ಕೂಡುತ್ತದೆ ಎಂಬ ಮಾತನ್ನೂ ನಂಬಿಸಬೇಡಿ. ಊಟ, ವ್ಯಾಯಾಮದಂಥ ಅಭ್ಯಾಸಗಳ ಬಗ್ಗೆ ಲಂಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸರಾಸರಿ 66 ದಿನ ಹಿಡಿದಿತ್ತು. ಅಂದಾಜು 18ರಿಂದ 254 ದಿನಗಳವರೆಗೆ ವ್ಯತ್ಯಾಸವಿತ್ತು.

ಜನರ ನಡುವೆ ಹುರುಪು ಪಡೆಯುವವರನ್ನು ಒಂಟಿಯಾಗಿ ಕೂರಿಸಬೇಡಿ. ನಾಲ್ಕೈದು ಜನ ಒಟ್ಟಿಗೆ ಕೂತು, ಆಮೇಲೆ ಐದು ನಿಮಿಷ ಮಾತಾಡಲಿ. ಹೊಸತಿಗೆ ಹಾತೊರೆಯುವವರು ಸಲೀಸಾಗಿ ಶುರುಮಾಡಿ ವಾರಕ್ಕೊಂದು ವಿಧಾನ ಹಿಡಿಯುತ್ತಾರೆ. ನಾಲ್ಕು ವಾರ ಒಂದೇ ವಿಧಾನ ಎಂದು ಮೊದಲೇ ಕರಾರು ಮಾಡಿಕೊಳ್ಳಿ.

ಎಲ್ಲರಿಗೂ ಒಂದೇ ಪಾಠ ಸಲ್ಲದೆಂಬುದು ಹಳೆಯ ತಿಳಿವಳಿಕೆಯೇ. 5ನೇ ಶತಮಾನದ ಬೌದ್ಧ ವಿದ್ವಾಂಸ ಬುದ್ಧಘೋಷ ಜನರ ಸ್ವಭಾವವನ್ನು ಆರಾಗಿ ವಿಂಗಡಿಸಿ, ಸಿಟ್ಟಿನವರಿಗೆ ಮೈತ್ರಿಭಾವನೆ (ಎಲ್ಲರ ಒಳಿತು ಬಯಸುವ ಧ್ಯಾನ), ಸದಾ ತರ್ಕಿಸುವವರಿಗೆ ಉಸಿರು ಗಮನಿಸುವುದು ಎಂದು ಹಂಚಿದ್ದ. ಆದರೂ 'ನಿನ್ನದು ಆತಂಕದ ಸ್ವಭಾವ' ಎಂದು ವಿದ್ಯಾರ್ಥಿಯ ಹಣೆಗೆ ಚೀಟಿ ಅಂಟಿಸಬೇಡಿ. ಒಬ್ಬರಲ್ಲೇ ಎರಡು ಮೂರು ಸ್ವಭಾವ ಬೆರೆತಿರುತ್ತವೆ, ಪರೀಕ್ಷೆ ಹತ್ತಿರ ಬಂದಾಗ ಆರಾಮಾಗಿದ್ದವರೂ ತಳಮಳಿಸುತ್ತಾರೆ. ಆ ವಾರಗಳಲ್ಲಿ ಅವಧಿ ಅರ್ಧಕ್ಕಿಳಿಸಿ, ಕೂರುವ ಹೊತ್ತು ಮಾತ್ರ ಬದಲಿಸಬೇಡಿ.