ಮಿಲ್ಲಿಂಗ್‌ನಲ್ಲಿ ಅಡಾಪ್ಟಿವ್ ಕಂಟ್ರೋಲ್: ಪಾಕೆಟ್ ಗೋಡೆಯ ಅಳತೆ ಹಿಡಿದ ಬಗೆ

ಪಾಕೆಟ್ (ಲೋಹದಲ್ಲಿ ಕೊರೆದ ಗುಳಿ) ಗೋಡೆ 30-40 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ತಪ್ಪಿದರೆ ಮೊದಲು ನೋಡಬೇಕಾದದ್ದು ಕಟರ್ ಬಾಗುವಿಕೆ. 10 ಮಿ.ಮೀ. ವ್ಯಾಸದ ಕಾರ್ಬೈಡ್ ಎಂಡ್ ಮಿಲ್ (ತಿರುಗುತ್ತಾ ಕತ್ತರಿಸುವ ಕಟರ್) ಹೋಲ್ಡರ್‌ನಿಂದ 40 ಮಿ.ಮೀ. ಹೊರಗಿದ್ದು, ತುದಿಗೆ 200 ನ್ಯೂಟನ್ ಅಡ್ಡಬಲ ಬಿದ್ದರೆ ಸುಮಾರು 35 ಮೈಕ್ರಾನ್ ಬಾಗುತ್ತದೆ. 30 ಮಿ.ಮೀ. ಮಾತ್ರ ಹೊರಗಿರುವಂತೆ ಕಚ್ಚಿಸಿದರೆ 15ಕ್ಕೆ ಇಳಿಯುತ್ತದೆ. ಆದ್ದರಿಂದ ಕಂಟ್ರೋಲ್ ಸೆಟ್ಟಿಂಗ್ ಮುಟ್ಟುವ ಮುಂಚೆ ಓವರ್‌ಹ್ಯಾಂಗ್ (ಹೊರಗಿರುವ ಉದ್ದ) ಕಡಿಮೆ ಮಾಡಿಕೊಂಡೆ.

ಅಡಾಪ್ಟಿವ್ ಕಂಟ್ರೋಲ್ ಸ್ಪಿಂಡಲ್ (ಕಟರ್ ತಿರುಗಿಸುವ ಭಾಗ) ಲೋಡ್ ಓದುತ್ತದೆ. ಲೋಡ್ ಗುರಿ ಮೀರಿದರೆ ಫೀಡ್ (ಕಟರ್ ಮುಂದೆ ಸಾಗುವ ವೇಗ) ಇಳಿಸುತ್ತದೆ, ಕಡಿಮೆಯಾದರೆ ಏರಿಸುತ್ತದೆ. ಮೊದಲು ಅದೇ ಆರ್‌ಪಿಎಂನಲ್ಲಿ ಗಾಳಿಯಲ್ಲಿ ಓಡಿಸಿ ಖಾಲಿ ಲೋಡ್ ಕಳೆಯಬೇಕು. ಹೊಸ ಕಟರ್ ನೇರ ಕಟ್‌ನಲ್ಲಿ ತೋರಿಸುವ ಲೋಡನ್ನೇ ಗುರಿಯಾಗಿಟ್ಟೆ. ಫೀಡ್ ಮಿತಿ 60ರಿಂದ 120 ಶೇಕಡ. ಕೆಳಮಿತಿ ಇಡದಿದ್ದರೆ ಫೀಡ್ ತೀರಾ ಇಳಿದು ಕಟರ್ ಕತ್ತರಿಸದೆ ಉಜ್ಜತೊಡಗುತ್ತದೆ. ಕಟರ್ ಸವೆದಾಗ ಇದೇ ಅಪಾಯ: ಲೋಡ್ ಏರುತ್ತದೆ, ಕಂಟ್ರೋಲ್ ಫೀಡ್ ಇಳಿಸುತ್ತದೆ, ಉಜ್ಜಿ ಇನ್ನಷ್ಟು ಸವೆಯುತ್ತದೆ. ನೇರ ಕಟ್‌ನಲ್ಲೂ ಫೀಡ್ 3 ಸೆಕೆಂಡ್ ಕೆಳಮಿತಿಯಲ್ಲೇ ನಿಂತರೆ ಅಲಾರಂ ಬರುವಂತೆ ಇಟ್ಟುಕೊಂಡೆ.

ಮೂಲೆಗಳನ್ನು ಮಾತ್ರ ಇದರ ಕೈಗೆ ಬಿಡಬಾರದು. ಫೀಡ್ ನಿಮಿಷಕ್ಕೆ 1200 ಮಿ.ಮೀ. ಇದ್ದು, ಲೋಡ್ ಓದಿ ಫೀಡ್ ಇಳಿಸಲು 0.1 ಸೆಕೆಂಡ್ ಹಿಡಿದರೆ ಕಟರ್ ಆಗಲೇ 2 ಮಿ.ಮೀ. ಮುಂದೆ ಹೋಗಿರುತ್ತದೆ; ಮೂಲೆಯಲ್ಲಿ ಗುರುತು ಬಿದ್ದಾಯಿತು. ಮೂಲೆಯ ಫೀಡ್ ಕಡಿತವನ್ನು ಪ್ರೋಗ್ರಾಂನಲ್ಲೇ ಬರೆದೆ. ಗಡಸುತನದ ಏರುಪೇರು, ಒರಟು ಮೈಯ ಹೆಚ್ಚು-ಕಡಿಮೆ ಇಂಥವಷ್ಟೇ ಕಂಟ್ರೋಲ್ ಪಾಲು.

ಫಿನಿಶಿಂಗ್‌ನಲ್ಲಿ (ಕೊನೆಯ ನಯಗೆಲಸ) ಅಡಾಪ್ಟಿವ್ ಕಂಟ್ರೋಲ್ ಆಫ್ ಮಾಡುತ್ತೇನೆ. ಅಲ್ಲಿನ ಲೋಡ್ ತೀರಾ ಸಣ್ಣದು, ಫೀಡ್ ಬದಲಾದಂತೆ ಬಾಗುವಿಕೆಯೂ ಬದಲಾಗುತ್ತದೆ. ರಫಿಂಗ್‌ನಲ್ಲಿ (ಮೊದಲ ಒರಟು ಕಟ್) ಗೋಡೆಗೆ ಸಮನಾಗಿ 0.2 ಮಿ.ಮೀ. ಉಳಿಸಿ, ಫಿನಿಶಿಂಗ್ ಕಟರ್‌ನಿಂದ 0.1 ತೆಗೆದು, ಗಾಳಿ ಊದಿ ಚಿಪ್ಸ್, ಕೂಲಂಟ್ ಹಾರಿಸಿ, ಪ್ರೋಬ್‌ನಿಂದ (ಮುಟ್ಟಿ ಅಳೆಯುವ ಸಾಧನ) ಅಳೆಯುತ್ತೇನೆ. ಗೋಡೆಯಲ್ಲಿ 18 ಮೈಕ್ರಾನ್ ಹೆಚ್ಚು ಉಳಿದಿದ್ದರೆ ಫಾನುಕ್ ಕಂಪನಿಯ ಸಿಎನ್‌ಸಿ ಕಂಟ್ರೋಲರ್‌ನಲ್ಲಿ ‘ಜಿ91 ಜಿ10 ಎಲ್13 ಪಿ5 ಆರ್-0.018’ ಎಂದು 5ನೇ ಆಫ್‌ಸೆಟ್‌ನ (ಕಟರ್ ಅಳತೆ ತಿದ್ದುವ ದಾಖಲೆ) ರೇಡಿಯಸ್ ವೇರ್ (ಸವೆತದ ತಿದ್ದುಪಡಿ) ಬದಲಿಸುತ್ತೇನೆ; ಜಿ91 ಇದ್ದರೆ ಹಳೆಯ ಅಂಕಿಗೆ ಕೂಡಿಸುತ್ತದೆ, ಹಾಗಾಗಿ ತಕ್ಷಣ ನೇರ ಅಳತೆಯ ಜಿ90ಗೆ ಮರಳುತ್ತೇನೆ. ಕೊನೆಯ ಪಾಸ್‌ಗೂ ಹೆಚ್ಚುಕಡಿಮೆ ಅಷ್ಟೇ ಸ್ಟಾಕ್ (ತೆಗೆಯಬೇಕಾದ ಲೋಹ), ಅದೇ ಫೀಡ್. ಬಾಗುವಿಕೆ ಒಂದೇ ಆಗಿರುವುದರಿಂದ ತಿದ್ದುಪಡಿ ನೇರ ಅಳತೆಗೆ ಬರುತ್ತದೆ.

ಪ್ರೋಬ್ ಗೋಡೆಯನ್ನು ಮೇಲ್ಭಾಗದಲ್ಲೂ ತಳಭಾಗದಲ್ಲೂ ಮುಟ್ಟಲಿ. ಎರಡರ ನಡುವೆ ವ್ಯತ್ಯಾಸವಿದ್ದರೆ ಗೋಡೆ ಓರೆಯಾಗಿದೆ. ಅದು ಆಫ್‌ಸೆಟ್‌ಗೆ ಬಗ್ಗುವುದಿಲ್ಲ. ಓವರ್‌ಹ್ಯಾಂಗ್ ಇನ್ನೂ ಇಳಿಸಬೇಕು, ಇಲ್ಲವೇ ಎರಡೂ ಪಾಸ್‌ಗಳ ಸ್ಟಾಕ್ 0.05ಕ್ಕೆ ತರಬೇಕು.