ಫು ಕ್ವಾಕ್‌ಗೆ ಹೋದರೆ ಆನ್ ಥೊಯ್ ಬಂದರಿಗೆ ಒಂದು ಬೆಳಗ್ಗೆ ಕೊಡಿ

ವಿಯೆಟ್ನಾಂನ ಅತಿ ದೊಡ್ಡ ದ್ವೀಪ ಫು ಕ್ವಾಕ್. ಅದರ ದಕ್ಷಿಣ ತುದಿಯ ಆನ್ ಥೊಯ್‌ಗೆ ಬರುವ ಬಹುಪಾಲು ಮಂದಿ ಕೇಬಲ್ ಕಾರ್ ಹತ್ತಿ, ಫೋಟೊ ತೆಗೆದು, ಹೋಟೆಲಿಗೆ ಮರಳುತ್ತಾರೆ. ಪಕ್ಕದಲ್ಲೇ ಇರುವ ಮೀನುಗಾರರ ಊರಿಗೆ ಕಾಲಿಡುವುದೇ ಇಲ್ಲ. ನಿಮಗೆ ಅದನ್ನು ನೋಡಬೇಕೆಂದಿದ್ದರೆ ಹೀಗೆ ಮಾಡಿ.

ಮೊದಲು ವೀಸಾ ವಿಷಯ. ಫು ಕ್ವಾಕ್ ಒಂದಕ್ಕೇ ಹೋಗಿ ಬರುವುದಾದರೆ 30 ದಿನದವರೆಗೆ ವೀಸಾ ಬೇಡ. ಆದರೆ ಹೋ ಚಿ ಮಿನ್ ಸಿಟಿಯಲ್ಲಿ ವಿಮಾನ ಬದಲಿಸುವವರು ನಿಲ್ದಾಣದಿಂದ ಹೊರಗೆ ಬರುವ ಹಾಗಿಲ್ಲ. ಆ ನಗರವನ್ನೂ ಸುತ್ತಬೇಕೆಂದರೆ ಮೊದಲೇ ಇ-ವೀಸಾ ಮಾಡಿಸಿಕೊಳ್ಳಿ.

ನವೆಂಬರ್‌ನಿಂದ ಏಪ್ರಿಲ್ ಒಳಗೆ ಹೋಗಿ. ಉಳಿದ ತಿಂಗಳುಗಳಲ್ಲಿ ಮಳೆ ಜಾಸ್ತಿ, ಕಡಲೂ ಒರಟು. ದ್ವೀಪದಲ್ಲಿ ಓಡಾಡಲು ಟ್ಯಾಕ್ಸಿ ಕರೆಸುವ ಗ್ರ್ಯಾಬ್ ಆ್ಯಪ್ ಸಾಕು. ಬಾಡಿಗೆ ಸ್ಕೂಟರ್ ಸುಲಭವಾಗಿ ಸಿಗುತ್ತದೆ ನಿಜ, ಆದರೆ ನಮ್ಮ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ. ಸುಮ್ನೆ ಯಾಕೆ ತೊಂದರೆ?

ಬಂದರಿಗೆ ಬೆಳಕು ಹರಿಯುವ ಹೊತ್ತಿಗೇ ತಲುಪಿ. ರಾತ್ರಿಯಿಡೀ ದೊಡ್ಡ ದೊಡ್ಡ ಬಲ್ಬು ಉರಿಸಿ ಬೊಂಡಾಸ (ಸ್ಕ್ವಿಡ್) ಹಿಡಿದ ಮರದ ದೋಣಿಗಳು ಆಗ ದಡಕ್ಕೆ ಬರುತ್ತವೆ. ಮಲ್ಪೆ ಬಂದರು ಕಂಡವರಿಗೆ ಆ ವಾಸನೆ, ಗದ್ದಲ ಹೊಸದೇನಲ್ಲ. ನೆಲವೆಲ್ಲ ಒದ್ದೆ, ಜಾರದ ಚಪ್ಪಲಿ ಇರಲಿ. ಐಸ್ ಗಾಡಿಗೆ ದಾರಿ ಬಿಡಿ. ಯಾರದಾದರೂ ಫೋಟೊ ತೆಗೆಯುವ ಮುಂಚೆ ಒಂದು ಸಲ ಕಣ್ಣಲ್ಲೇ ಕೇಳಿ.

ತಿಂಡಿಗೆ ಬುನ್ ಕ್ವಾಯ್ ಹುಡುಕಿ. ಬಟ್ಟಲಿನ ತಳಕ್ಕೆ ಸಿಗಡಿ, ಮೀನು ಅರೆದು ಮೆತ್ತಿರುತ್ತಾರೆ. ಕುದಿಯುವ ಸಾರು ಸುರಿದರೆ ಅದು ಅಲ್ಲೇ ಬೇಯುತ್ತದೆ, ಜೊತೆಗೆ ಅಕ್ಕಿ ಶಾವಿಗೆ. ನಂಚಿಕೊಳ್ಳಲು ಉಪ್ಪು, ಸಕ್ಕರೆ, ಮೆಣಸಿನಕಾಯಿ, ಪುಟ್ಟ ಹುಳಿ ಹಣ್ಣಿನ ರಸ ಕಲಸಿಕೊಳ್ಳುವ ಕೆಲಸ ನಿಮ್ಮದೇ. ಸಸ್ಯಾಹಾರಿಗಳು ಹುಷಾರು: ತರಕಾರಿ ಪಲ್ಯಕ್ಕೂ ಮೀನಿನ ರಸ ಬೀಳುತ್ತದೆ. ‘ಚಾಯ್’ (ಚಹಾ ಅಲ್ಲ, ಸಸ್ಯಾಹಾರ ಎಂದರ್ಥ) ಅಂತ ಬೋರ್ಡು ಹಾಕಿರುವ ಹೋಟೆಲಿಗೇ ಹೋಗಿ.

ಆ ಮೀನಿನ ರಸವೇ ನುಕ್ ಮಾಮ್, ಈ ದ್ವೀಪದ ಹೆಸರು ಹೊರಗೆ ಗೊತ್ತಾಗಿದ್ದೇ ಅದರಿಂದ. ತಯಾರಿಸುವ ಮನೆಯೊಂದನ್ನು ನೋಡದೆ ಬರಬೇಡಿ. ಕೊಲ್ಲತರು ಜಾತಿಯ ಸಣ್ಣ ಮೀನಿಗೆ ದೋಣಿಯಲ್ಲೇ ಉಪ್ಪು ಬೆರೆಸುತ್ತಾರೆ, ಮೂರು ಪಾಲು ಮೀನಿಗೆ ಒಂದು ಪಾಲು ಉಪ್ಪಿನ ಲೆಕ್ಕ. ಆಮೇಲೆ ಆಳೆತ್ತರ ಮೀರಿದ ಮರದ ಪೀಪಾಯಿಗಳಲ್ಲಿ ತುಂಬಿ ಸುಮಾರು ಒಂದು ವರ್ಷ ಬಿಡುತ್ತಾರೆ. ಪೀಪಾಯಿಯ ಸುತ್ತ ಬಿಗಿದಿರುವ ದಪ್ಪ ಬೆತ್ತದ ಹಗ್ಗವನ್ನು ಹತ್ತಿರದಿಂದ ನೋಡಿ. ಕೆಳಗಿನ ನಲ್ಲಿಯಿಂದ ಮೊದಲು ಇಳಿಯುವ ಕೆಂಗಂದು ರಸಕ್ಕೇ ಬೆಲೆ ಹೆಚ್ಚು. ಬಾಟಲಿ ಮೇಲಿನ 30, 40 ಎಂಬ ಅಂಕಿ ಅದರ ನೈಟ್ರೋಜನ್ ಅಂಶದ ಅಳತೆ. ಜಾಸ್ತಿ ಇದ್ದಷ್ಟೂ ರಸ ಗಟ್ಟಿ. 2012ರಲ್ಲಿ ಯುರೋಪ್ ಒಕ್ಕೂಟ ಫು ಕ್ವಾಕ್ ಹೆಸರಿಗೆ ಭೌಗೋಳಿಕ ರಕ್ಷಣೆಯನ್ನೂ ಕೊಟ್ಟಿದೆ, ಅಂದರೆ ಇಲ್ಲಿ ತಯಾರಾದ ರಸಕ್ಕೆ ಮಾತ್ರ ಅಲ್ಲಿ ಆ ಹೆಸರು.

ಕೇಬಲ್ ಕಾರ್ ಬೇಡ ಅನ್ನುತ್ತಿಲ್ಲ. ಹೊನ್ ಥೊಮ್ ದ್ವೀಪದವರೆಗೆ ಸುಮಾರು 7.9 ಕಿಲೋಮೀಟರ್ ಹೋಗುತ್ತದೆ. ಬೆಳಗ್ಗೆ ಕಂಡ ದೋಣಿಗಳನ್ನು ಈಗ ಮೇಲಿನಿಂದ ನೋಡಬಹುದು. ಕೇಬಲ್ ಕಾರ್ ಹತ್ತುವ ನಿಲ್ದಾಣದ ಸುತ್ತ ಇಟಲಿಯ ಊರಿನಂತೆ ಎಬ್ಬಿಸಿರುವ ಬಣ್ಣದ ಕಟ್ಟಡಗಳಲ್ಲಿ ಮಾತ್ರ ನನಗೆ ಅಂಥ ರುಚಿಯೇನೂ ಕಾಣಲಿಲ್ಲ. ಅಲ್ಲಿ ಕಳೆಯುವ ಹೊತ್ತನ್ನು ಹತ್ತಿರದ ಹಳೇ ಸೆರೆಮನೆಗೆ ಕೊಡಿ. ಅಮೆರಿಕದ ಜೊತೆಗಿನ ಯುದ್ಧದ ಕಾಲದಲ್ಲಿ ಕೈದಿಗಳನ್ನು ಕೂಡಿಹಾಕಿದ್ದ ಜಾಗ, ಈಗ ಮ್ಯೂಸಿಯಂ. ಚಿತ್ರಹಿಂಸೆಯ ಬೊಂಬೆಗಳಿವೆ, ಚಿಕ್ಕ ಮಕ್ಕಳನ್ನು ಕರೆದೊಯ್ಯಬೇಡಿ.

ನುಕ್ ಮಾಮ್ ಬಾಟಲಿ ಕೊಳ್ಳುವ ಮುಂಚೆ ನಿಮ್ಮ ವಿಮಾನ ಕಂಪನಿಯನ್ನು ವಿಚಾರಿಸಿ. ಒಡೆದರೆ ವಾಸನೆ ಹೋಗದು ಎಂದು ಎಷ್ಟೋ ಕಡೆ ತಡೆಯುತ್ತಾರೆ. ಅಲ್ಲಿನ ಕಾಳುಮೆಣಸಿಗೆ ಆ ತಕರಾರಿಲ್ಲ.